ಇಳಿತದ ಹೊತ್ತಿನ ದಾರಿ

ಕೇಳುಗರಿಗೆ ನಮಸ್ಕಾರ.

ಕಡಲ ತೀರದ ಸಂರಕ್ಷಿತ ಪ್ರದೇಶಕ್ಕೆ ಹೊರಡುವ ಮುನ್ನ ಗಡಿಯಾರಕ್ಕಿಂತ ಮೊದಲು ಚಂದ್ರನನ್ನು ನೋಡಿ. ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ನಿನ್ನೆಗಿಂತ ಇಂದು ನೀರು ಸುಮಾರು 50 ನಿಮಿಷ ತಡವಾಗಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಹಿಂತಿರುಗುವ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಏರುವ ನೀರು ಎದುರಿನಿಂದಷ್ಟೇ ಬರುವುದಿಲ್ಲ, ತಗ್ಗುಗಳಲ್ಲಿ ಹರಿದು ಬೆನ್ನ ಹಿಂದಿನ ದಾರಿಯನ್ನೂ ಮುಚ್ಚಬಲ್ಲದು.

ಬಿಸಿನಾಡುಗಳ ಅಳಿವೆಗಳಲ್ಲಿ ಕಾಲುದಾರಿ ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ಕಾಡಿನ ನಡುವೆ ಹಾಯುತ್ತದೆ. ಮರದ ಹಲಗೆಗಳನ್ನು ಕಂಬಗಳ ಮೇಲೆ ಎತ್ತರಿಸಿ ಹಾಸಿರುವುದು ನಮ್ಮ ಕಾಲು ಕೆಸರಾಗದಿರಲಿ ಎಂಬುದಕ್ಕಷ್ಟೇ ಅಲ್ಲ. ಕೆಳಗೆ ಬಗ್ಗಿ ನೋಡಿ: ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಸಾವಿರಾರು ಬೇರುಗಳು ಮೇಲೆದ್ದಿರುತ್ತವೆ. ಆ ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮರ ಉಸಿರಾಡುವುದು ಈ ಬೇರುಗಳಿಂದಲೇ. ಹಲಗೆಯಿಂದ ಕೆಳಗಿಳಿದವನು ಅವುಗಳನ್ನೇ ತುಳಿಯುತ್ತಾನೆ. ಕೆಲವು ಜಾತಿಗಳಲ್ಲಿ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಸಸಿಯಾಗಿ ತೂಗಾಡುತ್ತಿರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಯ ನೆನಪಾಗುತ್ತದೆ.

ನೀರು ಸರಿದ ಬಯಲಿನಲ್ಲಿ ಹಕ್ಕಿಗಳು ಕೊಕ್ಕು ಚುಚ್ಚಿ ಹುಳು ಹೆಕ್ಕುತ್ತಿರುತ್ತವೆ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಅವುಗಳನ್ನು ಎಬ್ಬಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2022ರಲ್ಲಿ ಗಾಡ್‌ವಿಟ್ ಜಾತಿಯ ಒಂದು ಎಳೆಯ ಹಕ್ಕಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ, ಎಲ್ಲಿಯೂ ಇಳಿಯದೆ ಹಾರಿತು. ಉಪಗ್ರಹ ಸಾಧನದಿಂದ ದಾಖಲಾದ ಪಯಣ ಅದು. ಅಂಥ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಹಕ್ಕಿ ಕೂಡಿಸಿಕೊಳ್ಳುವುದು ಇಂಥ ಕೆಸರಿನಲ್ಲೇ, ಇಳಿತದ ಕೆಲವೇ ಗಂಟೆಗಳಲ್ಲಿ. ನಾವು ಎಬ್ಬಿಸಿದ ಪ್ರತಿ ಸಲವೂ ಅದು ಉಣ್ಣುವುದನ್ನು ಬಿಟ್ಟು, ಉಂಡದ್ದನ್ನೂ ಕರಗಿಸುತ್ತದೆ.

ದಾರಿ ಮರಳ ದಿಬ್ಬಕ್ಕೆ ಬಂದಾಗ ಇನ್ನಷ್ಟು ಎಚ್ಚರ ಬೇಕು. ಗೊರವದ ಜಾತಿಯ ಪುಟ್ಟ ಹಕ್ಕಿಗಳು ಗೂಡು ಕಟ್ಟುವುದಿಲ್ಲ. ಬರಿಯ ಮರಳಿನಲ್ಲಿ ಅಂಗೈಯಗಲದ ಗುಳಿ ಮಾಡಿ ಮೊಟ್ಟೆ ಇಡುತ್ತವೆ. ಚುಕ್ಕೆಗಳಿರುವ ಆ ಮೊಟ್ಟೆ ಎರಡು ಹೆಜ್ಜೆ ದೂರದಲ್ಲಿದ್ದರೂ ಕಲ್ಲುಹರಳಿನಂತೆ ಕಾಣುತ್ತದೆ. ಹಗ್ಗ ಕಟ್ಟಿದ ಜಾಗವನ್ನು ದಾಟಬೇಡಿ ಎನ್ನುವುದು ಇದಕ್ಕೇ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಈ ವಿಷಯದಲ್ಲಿ ನಾನು ಸಡಿಲ ಬಿಡಲಾರೆ.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಹತ್ತಿರ ಹೋಗಿಬಿಡುತ್ತೇವೆ. ಆಗ ಒಂದು ಹಕ್ಕಿ ರೆಕ್ಕೆ ಮುರಿದಂತೆ ಮರಳಿನಲ್ಲಿ ತೆವಳತೊಡಗುತ್ತದೆ. ಅಯ್ಯೋ ಪಾಪ ಎಂದು ಅದರ ಹಿಂದೆ ಹೋಗಬೇಡಿ. ಅದಕ್ಕೆ ಗಾಯವಾಗಿಲ್ಲ, ನಿಮ್ಮನ್ನು ಮೊಟ್ಟೆಗಳಿಂದ ದೂರ ಸೆಳೆಯುತ್ತಿದೆ. ಬಿಸಿಲೇರಿದ್ದರೆ, ತಾಯಿಯ ನೆರಳಿಲ್ಲದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಕಾದು ಹಾಳಾಗುತ್ತದೆ. ಬಂದ ಹೆಜ್ಜೆಗುರುತಿನ ಮೇಲೆಯೇ ಕಾಲಿಟ್ಟು ಹಿಂದೆ ಸರಿಯಿರಿ. ದೂರದಲ್ಲಿ ನಿಂತು ದುರ್ಬೀನು ಎತ್ತಿ. ಹಕ್ಕಿ ರೆಕ್ಕೆ ಕೊಡವಿ ಎದ್ದು ನಾಲ್ಕು ಹೆಜ್ಜೆ ಓಡುತ್ತದೆ, ನಿಂತು ನೋಡುತ್ತದೆ, ಮತ್ತೆ ಓಡುತ್ತದೆ, ಕೊನೆಗೆ ಗರಿಯುಬ್ಬಿಸಿ ಗುಳಿಯ ಮೇಲೆ ಕುಳಿತುಕೊಳ್ಳುತ್ತದೆ.

ನಮಸ್ಕಾರ.