ವೆಬ್‌ಸೈಟ್ ವಿಳಾಸ ಹಿಂದಿನಿಂದ ಓದಿ

ನಮಸ್ಕಾರ ಕೇಳುಗರೇ. ಪಹಣಿ ತೆಗೆಯಬೇಕು, ಕರೆಂಟ್ ಬಿಲ್ ಕಟ್ಟಬೇಕು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು ಅಂದರೆ ಈಗ ಎಲ್ಲರೂ ವೆಬ್‌ಸೈಟಿಗೆ ಹೋಗಿ ಅಂತಾರೆ. ಹೋದರೆ ಬ್ರೌಸರ್, ಸರ್ವರ್, ಡೊಮೇನ್, ಕುಕೀಸ್ ಅಂತ ಹೊಸ ಹೆಸರುಗಳ ಸಾಲು. ಇವುಗಳಲ್ಲಿ ಡೊಮೇನ್ ಒಂದನ್ನು ಸರಿಯಾಗಿ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ, ಅದಕ್ಕೇ ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಬ್ರೌಸರ್ ಅಂದರೆ ಕ್ರೋಮ್, ಫೈರ್‌ಫಾಕ್ಸ್ ಥರದ ಆ್ಯಪ್. ವೆಬ್‌ಸೈಟಿನ ಪುಟಗಳು ಸರ್ವರ್ ಅನ್ನುವ ದೂರದ ಕಂಪ್ಯೂಟರಿನಲ್ಲಿರುತ್ತವೆ. ಬ್ರೌಸರ್ ಅಲ್ಲಿಂದ ತಂದು ತೋರಿಸುತ್ತದೆ. ಸರ್ವರ್ ಡೌನ್ ಅಂದರೆ ಆ ಕಂಪ್ಯೂಟರ್ ಉತ್ತರ ಕೊಡುತ್ತಿಲ್ಲ ಅಂತ, ಸುಮ್ನೆ ನಿಮ್ಮ ಫೋನ್ ಆಫ್ ಮಾಡಿ ಆನ್ ಮಾಡಬೇಡಿ. 404 ಅಂತ ಬಂದರೆ ಸರ್ವರ್ ಸಿಕ್ಕಿದೆ, ನೀವು ಕೇಳಿದ ಪುಟ ಮಾತ್ರ ಅಲ್ಲಿಲ್ಲ.

ಈಗ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು. ಬ್ರೌಸರಿನ ಮೇಲ್ಗಡೆ ಉದ್ದಕ್ಕೆ ಕಾಣುವ ಪೂರ್ತಿ ವಿಳಾಸ ಯುಆರ್‌ಎಲ್. ಅದರಲ್ಲಿ ಶುರುವಿನ ಎರಡು ಓರೆಗೆರೆ ಬಿಡಿ. ಆಮೇಲೆ ಬರುವ ಮೊದಲ ಒಂಟಿ ಓರೆಗೆರೆ ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಿ. ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತ ಇದ್ದರೆ, ಕೊನೆಯ ಇನ್ ಅಂದರೆ ಭಾರತ, ಗವ್ ಅಂದರೆ ಸರ್ಕಾರ, ಆಮೇಲೆ ಕರ್ನಾಟಕ, ಆಮೇಲೆ ಸೇವಾಸಿಂಧು. ಲಕೋಟೆಯ ಮೇಲೆ ಮನೆ ಹೆಸರು ಮೊದಲು, ಜಿಲ್ಲೆ ಕೊನೆಗೆ ಬರೆಯುತ್ತೀವಲ್ಲ, ಹಾಗೆ. ಗವ್ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಆದರೆ ಡಾಟ್ ಕಾಮ್ ಅಂತ ಮುಗಿಯುವ ಹೆಸರನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತಗೋಬಹುದು, ಒಂದು ಸಲ ತಗೊಂಡ ಮೇಲೆ ಅದರ ಎಡಗಡೆ ಸೇವಾಸಿಂಧು, ಕರ್ನಾಟಕ, ಬ್ಯಾಂಕು ಅಂತ ಏನು ಬೇಕಾದರೂ ಸೇರಿಸಬಹುದು. ಮೋಸ ಇರುವುದೇ ಇಲ್ಲಿ! ಎಡದಿಂದ ಓದುವವರು ಮೊದಲ ಹೆಸರು ನೋಡಿ ನಂಬಿಬಿಡುತ್ತಾರೆ.

ಬ್ಯಾಂಕುಗಳ ವಿಷಯದಲ್ಲಿ ಈಗ ಗುರುತು ಹಿಡಿಯುವುದು ಸುಲಭ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಬ್ಯಾಂಕ್ ಡಾಟ್ ಇನ್ ಅನ್ನುವ ಡೊಮೇನಿಗೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು.

ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಇರುತ್ತಲ್ಲ, ಸೈಟ್ ಒಳ್ಳೆಯದೇ ಇರಬೇಕು ಅಂತೀರಾ? ನೀವು ಕಳಿಸಿದ ಪಾಸ್‌ವರ್ಡನ್ನು ದಾರಿಯಲ್ಲಿ ಬೇರೆಯವರು ಓದದ ಹಾಗೆ ಅದು ಕಾಯುತ್ತದೆ, ಅಷ್ಟೇ. ಆ ತುದಿಯಲ್ಲಿ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು? ಕಳ್ಳ ಸೈಟುಗಳಿಗೂ ಬೀಗ ಪುಕ್ಕಟೆ ಸಿಗುತ್ತದೆ. ಜನ ಇದನ್ನು ತಪ್ಪು ತಿಳಿಯುವುದು ಜಾಸ್ತಿ ಅಂತ 2023ರಲ್ಲಿ ಕ್ರೋಮ್ ಬೀಗದ ಚಿತ್ರವನ್ನೇ ತೆಗೆದುಹಾಕಿತು.

ಕುಕೀಸ್ ಉಳಿಯಿತು. ನೀವು ಯಾರು ಅಂತ ನೆನಪಿಡಲು ಸೈಟು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಗುರುತು ಅದು, 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಶುರುವಾಯಿತು. ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೇಳದೇ ಇರುವುದು ಅದರಿಂದಲೇ. ಆದರೆ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲೂ ಆ ಗುರುತು ಉಳಿಯಬಹುದು, ಹಾಗಾಗಿ ಅಲ್ಲಿ ಕೆಲಸ ಆದಮೇಲೆ ಪುಟ ಮುಚ್ಚಿದರೆ ಸಾಲದು, ಲಾಗ್‌ಔಟ್ ಒತ್ತಿಯೇ ಏಳಿ.