ಪರದೆಯ ಮೂಲೆಗೆ ಅಂಟಿಸಿದ ಕ್ಯಾಲೆಂಡರ್ ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶಂಕರಪುರದ ಒಂದು ಮನೆಯಿಂದ ಮಾತು ಶುರು ಮಾಡುತ್ತೇನೆ. ಕಟಪಾಡಿಯಿಂದ ಒಳಗೆ ಹೋದರೆ ಸಿಗುವ ಮಲ್ಲಿಗೆಯ ಊರು ಅದು. ಆ ಮನೆಯ ಅಕ್ಕ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ದುಬೈಯಲ್ಲಿರುವ ಮಗ ಕೊಡಿಸಿದ್ದು. ಯಾವ ದಿನ ಎಷ್ಟು ಅಟ್ಟೆ, ಅಂದರೆ ಮಲ್ಲಿಗೆಯ ಕಟ್ಟು, ಹೋಯಿತು, ಎಷ್ಟು ದರ ಸಿಕ್ಕಿತು ಎಂಬ ಲೆಕ್ಕವನ್ನೆಲ್ಲ ಅವರು ಅದರಲ್ಲೇ ಇಡುತ್ತಾರೆ. ನೋಡಿದರೆ ಪರದೆಯ ಬಲಗಡೆ ಕೆಳಮೂಲೆಗೆ ಹಳೇ ಕ್ಯಾಲೆಂಡರಿನ ಒಂದು ತುಂಡು ಅಂಟಿಸಿದ್ದಾರೆ.

"ಇದ್ಯಾಕೆ ಅಕ್ಕ?" ಎಂದೆ.

"ಅದು ದಿನಾ ಇಪ್ಪತ್ತು ಸಲ ವೈರಸ್ ಉಂಟು, ವೈರಸ್ ಉಂಟು ಅಂತ ಹೆದರಿಸ್ತದೆ ಮಾರಾಯ್ರೆ. ನೋಡ್ಲಿಕ್ಕೇ ಬೇಡ ಅಂತ ಮುಚ್ಚಿಟ್ಟೆ. ದುಡ್ಡು ಕಟ್ಟಿದ್ರೆ ಹೋಗ್ತದಾ?"

ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತು ನನಗೆ 18 ವರ್ಷವಾಯಿತು. "ದುಡ್ಡು ಕಟ್ಟಿದ್ರೆ ಹೋಗ್ತದಾ" ಎಂಬ ಆ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಹೆದರಿಕೆಯನ್ನು ಹುಟ್ಟಿಸಿದವರೇ ಆ ದುಡ್ಡಿಗೆ ಕಾದು ಕೂತಿರುತ್ತಾರೆ.

ಕ್ಯಾಲೆಂಡರ್ ಹಾಳೆ ಕಿತ್ತೆವು. ಎರಡು ನಿಮಿಷಕ್ಕೆ ನೋಟಿಸು ಬಂತು. ಕೆಂಪು ಬಣ್ಣ, ಆಶ್ಚರ್ಯಸೂಚಕ ಚಿಹ್ನೆ, ಐದು ವೈರಸ್ ಸಿಕ್ಕಿವೆ ಎಂಬ ಒಕ್ಕಣೆ. "ಅಕ್ಕ, ದೊಡ್ಡ ಅಕ್ಷರ ಬಿಡಿ, ಸಣ್ಣದನ್ನು ಓದಿ" ಎಂದೆ. ಕನ್ನಡಕ ಏರಿಸಿ ಓದಿದರು. ಬ್ರೌಸರಿನ ಹೆಸರಿತ್ತು, ಪಕ್ಕದಲ್ಲಿ ಅವರು ಕೇಳಿಯೇ ಇರದ ಒಂದು ಜಾಲತಾಣದ ವಿಳಾಸವಿತ್ತು. ಅಂದರೆ ಆ ಮಾತು ಹೇಳುತ್ತಿದ್ದದ್ದು ಆಂಟಿವೈರಸ್ ಅಲ್ಲ. ಎಲ್ಲೋ ಇರುವ ಒಂದು ಜಾಲತಾಣ, ಬ್ರೌಸರಿನ ಮೂಲಕ ಜಾಹೀರಾತು ಕಳುಹಿಸುತ್ತಿತ್ತು. ಅದಕ್ಕೆ ಅನುಮತಿ ಕೊಟ್ಟವರು ಸ್ವತಃ ಅಕ್ಕ, ಗೊತ್ತಿಲ್ಲದೆ. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದು ಪರದೆಯಲ್ಲಿ ಬಂದಿತ್ತಂತೆ. ಅವರು ಒತ್ತಿದ್ದರು. ಅಲೋ ಒತ್ತಿಸಿಕೊಂಡ ತಾಣ ಆಮೇಲೆ ಎಷ್ಟು ಬೇಕಾದರೂ ನೋಟಿಸು ಕಳುಹಿಸಬಹುದು.

ಇದನ್ನು ನಿಲ್ಲಿಸುವ ದಾರಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಕ್ರೋಮ್‌ನಲ್ಲಿ ಬಲಗಡೆ ಮೇಲೆ ಮೂರು ಚುಕ್ಕೆ ಇದೆ. ಅಲ್ಲಿಂದ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿ ಸಿಗುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಿ. ಶಂಕರಪುರದ ಆ ಪಟ್ಟಿಯಲ್ಲಿ ಹನ್ನೊಂದು ತಾಣಗಳಿದ್ದವು. ತೆಗೆದ ಮೇಲೆ ಮೂಲೆ ತಣ್ಣಗಾಯಿತು.

ಆದರೆ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ಗೂಗಲ್‌ನಲ್ಲಿ ಏನು ಹುಡುಕಿದರೂ ಬೇರೆ ಯಾವುದೋ ಪುಟ ತೆರೆಯುತ್ತಿತ್ತು. ಇದು ನಿಜವಾದ ಆಡ್‌ವೇರ್, ಅಂದರೆ ಕಂಪ್ಯೂಟರಿನೊಳಗೆ ಸೇರಿಕೊಂಡು ಜಾಹೀರಾತು ತೋರಿಸುವ ತಂತ್ರಾಂಶ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ತೆರೆದು, ಹಾಕಿದ ತಾರೀಖಿನ ಪ್ರಕಾರ ಜೋಡಿಸಿದೆ. ಒಂದೇ ದಿನ ಮೂರು ಬಂದಿದ್ದವು: ಒಂದು ಪಿಡಿಎಫ್ ಬದಲಾಯಿಸುವುದು, ಒಂದು ಡ್ರೈವರ್ ಅಪ್‌ಡೇಟ್ ಮಾಡುತ್ತೇನೆ ಎನ್ನುವುದು, ಒಂದು ಕಂಪ್ಯೂಟರ್ ವೇಗ ಹೆಚ್ಚಿಸುತ್ತೇನೆ ಎನ್ನುವುದು. "ಆ ದಿನ ಎಂತ ಹಾಕಿದ್ರಿ ಅಕ್ಕ?" ಎಂದರೆ, "ನುಡಿ ಹಾಕ್ಲಿಕ್ಕೆ ನೋಡಿದ್ದೆ. ಕನ್ನಡದಲ್ಲಿ ಲೆಕ್ಕ ಬರೀಬೇಕಿತ್ತಲ್ಲ" ಎಂದರು.

ಇದನ್ನು ಕೇಳಿ ಮನಸ್ಸಿಗೆ ತುಂಬ ಬೇಜಾರಾಯಿತು. ನುಡಿ ಬಳಸುವ ಕೀಲಿಮಣೆ ವಿನ್ಯಾಸ ನಮ್ಮ ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕೊಟ್ಟದ್ದು. ನುಡಿ ತಂತ್ರಾಂಶ ಕನ್ನಡ ಗಣಕ ಪರಿಷತ್ತಿನದು, ಉಚಿತವಾಗಿ ಸಿಗುತ್ತದೆ. ಆದರೆ ಅಕ್ಕ ಹುಡುಕಿದಾಗ ತಲುಪಿದ್ದು ಪರಿಷತ್ತಿನ ತಾಣವನ್ನಲ್ಲ, ಎಲ್ಲರ ತಂತ್ರಾಂಶವನ್ನೂ ಗುಡ್ಡೆ ಹಾಕಿಟ್ಟುಕೊಂಡ ಬೇರೊಂದು ತಾಣವನ್ನು. ಅಲ್ಲಿ ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಗುಂಡಿ ಇತ್ತು. ಆ ಗುಂಡಿಯೇ ಒಂದು ಜಾಹೀರಾತು. ಆಮೇಲೆ ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್. ಆ ಪ್ರತಿ ಪುಟದಲ್ಲೂ ಒಂದೊಂದು ಚೌಕದಲ್ಲಿ ಮೊದಲೇ ಟಿಕ್ ಹಾಕಿರುತ್ತದೆ, "ಇದನ್ನೂ ಸೇರಿಸಲು ಒಪ್ಪಿದ್ದೇನೆ" ಎಂದು. ಕಸ್ಟಮ್ ಅಥವಾ ಅಡ್ವಾನ್ಸ್ಡ್ ಎಂಬ ಆಯ್ಕೆ ಒತ್ತಿದರೆ ಅವೆಲ್ಲ ಕಣ್ಣಿಗೆ ಬೀಳುತ್ತವೆ, ಟಿಕ್ ತೆಗೆಯಬಹುದು.

ಹೀಗೆ ಒಪ್ಪಿಗೆಯ ಹೆಸರಿನಲ್ಲಿ ಬರುವುದರಿಂದಲೇ ಆಂಟಿವೈರಸ್ ಕಂಪನಿಗಳು ಇದನ್ನು ಸೀದಾ ವೈರಸ್ ಎನ್ನಲು ಬಹಳ ಕಾಲ ಹಿಂಜರಿದವು. ಅಮೆರಿಕದಲ್ಲಿ ಝ್ಯಾಂಗೋ ಎಂಬ ಕಂಪನಿ, ಜಾಹೀರಾತು ತೋರಿಸುವ ತನ್ನ ತಂತ್ರಾಂಶವನ್ನು ತಡೆದರೆಂದು ಕ್ಯಾಸ್ಪರ್‌ಸ್ಕೀ ಆಂಟಿವೈರಸ್‌ನವರ ಮೇಲೆ ಕೇಸೇ ಹಾಕಿತ್ತು. 2009ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಆಂಟಿವೈರಸ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಈಗ ಇಂಥವಕ್ಕೆ "ಬೇಡದ ತಂತ್ರಾಂಶವಿರಬಹುದು" ಎಂಬ ಬೇರೆಯೇ ವರ್ಗ ಇದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಪ್ ಆಂಡ್ ಬ್ರೌಸರ್ ಕಂಟ್ರೋಲ್, ಅದರೊಳಗೆ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಎಂದಿದೆ. ಅಲ್ಲಿ ಪೊಟೆನ್ಶಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್ ಆನ್ ಆಗಿದೆಯೇ ಎಂದು ಇವತ್ತೇ ಒಮ್ಮೆ ನೋಡಿ. ನಾನು ತೆರೆಯುವ ಹಳೇ ಕಂಪ್ಯೂಟರುಗಳಲ್ಲಿ ಅದು ಆಫ್ ಆಗಿರುವುದೇ ಹೆಚ್ಚು.

ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಬ್ರೌಸರಿಗೆ ಸೇರಿಸಿದ ಸಣ್ಣ ತಂತ್ರಾಂಶಗಳ, ಅಂದರೆ ಎಕ್ಸ್‌ಟೆನ್ಶನ್‌ಗಳ, ಪಟ್ಟಿಯಿಂದ ಗುರುತಿಲ್ಲದ ಎರಡನ್ನು ಕಿತ್ತೆ. ಉಳಿದ ಬೇರು ತೆಗೆಯಲು ಮಾಲ್‌ವೇರ್‌ಬೈಟ್ಸ್‌ನವರ ಆಡ್‌ವ್‌ಕ್ಲೀನರ್ ಎಂಬ ಉಚಿತ ಸಾಧನ ಓಡಿಸಿದೆ. ಅದನ್ನೂ ಅವರ ತಾಣದಿಂದಲೇ ಇಳಿಸಿಕೊಳ್ಳಬೇಕು. ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಇಂಥ ಉಚಿತ ಸಾಧನಗಳನ್ನು ಕೊಡುತ್ತಿದೆ. ಮನೆಯ ಕಂಪ್ಯೂಟರಿನ ಬ್ರೌಸರು "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎಂದು ತೋರಿಸಿದರೆ ಸಂಶಯಪಡಿ. ಮನೆಗೆ ಯಾವ ಸಂಸ್ಥೆ? ಆಡ್‌ವೇರ್ ಹಾಗೆ ಬೀಗ ಹಾಕಿರಬಹುದು, ಗೊತ್ತಿರುವವರಿಗೆ ತೋರಿಸಿ.

ಇನ್ನು ಆಂಟಿವೈರಸ್ಸಿನ ಮಾತು. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯೇ ಹಾಕಿಕೊಟ್ಟ ಒಂದು ಆಂಟಿವೈರಸ್ ಇತ್ತು, ಉಚಿತ ಅವಧಿ ಯಾವತ್ತೋ ಮುಗಿದಿತ್ತು. ಹೊಸ ವೈರಸ್ಸುಗಳ ಮಾಹಿತಿ ಅದಕ್ಕೆ ಬರುತ್ತಿರಲಿಲ್ಲ. ಅದನ್ನು ತೆಗೆದ ಕೂಡಲೇ ವಿಂಡೋಸ್‌ನೊಳಗಿನ ಡಿಫೆಂಡರ್ ತಾನಾಗಿ ಕೆಲಸಕ್ಕೆ ನಿಂತಿತು. ವಿಂಡೋಸ್ ಅಪ್‌ಡೇಟ್ ತಪ್ಪಿಸದೆ ಬಳಸುವವರ ಮನೆಗೆ ಅದೇ ಸಾಕು ಎಂಬುದು ನನ್ನ ಅಭಿಪ್ರಾಯ. ದುಡ್ಡು ಕೊಟ್ಟು ತರುವುದು ತಪ್ಪಲ್ಲ, ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ನಮ್ಮ ದೇಶದವೇ. ಆದರೆ ಒಟ್ಟಿಗೆ ಎರಡು ಬೇಡ. ಒಂದೇ ಫೈಲಿಗೆ ಎರಡೂ ಕೈಹಾಕಿ ಕಂಪ್ಯೂಟರ್ ತೆವಳಲು ಶುರುವಾಗುತ್ತದೆ. ಪೂರ್ತಿ ಉಚಿತ ಎಂದಾಗಲೂ ಷರತ್ತು ಓದಿ. ಅವಾಸ್ಟ್ ಎಂಬ ಹೆಸರಾಂತ ಆಂಟಿವೈರಸ್ ತನ್ನ ಬಳಕೆದಾರರು ಯಾವ ತಾಣ ನೋಡಿದರೆಂಬ ಮಾಹಿತಿಯನ್ನೇ ಮಾರಿದ್ದಕ್ಕೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ಕಟ್ಟಿಸಿತು.

ಒಂದು ಮಾತು ಹಿರಿಯರಿಗೆ, ದಯವಿಟ್ಟು ಕೇಳಿ. ಪರದೆ ತುಂಬ ಕೆಂಪು ಪುಟ ಬಂದು, ಸೈರನ್ ಕೂಗಿ, ಈ ನಂಬರಿಗೆ ಫೋನ್ ಮಾಡಿ ಎಂದರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಮಂಗಳೂರಿನ ನಿವೃತ್ತರೊಬ್ಬರು ಮಾಡಿದ್ದರು. ಆಚೆಯವನು ನಯವಾಗಿ ಮಾತಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ಆಪ್ ಹಾಕಿಸಿ, ಕಣ್ಣೆದುರೇ ಅವರ ಖಾತೆಯಿಂದ ದುಡ್ಡು ತೆಗೆದ. ಅವರು ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಎರಡು ದಿನ ಕೂತರು. ಆ ಎರಡು ದಿನ ಬಹಳ ದುಬಾರಿಯಾಯಿತು. ಅಂಥ ಪುಟ ಬಂದರೆ ಆಲ್ಟ್ ಮತ್ತು ಎಫ್4 ಒತ್ತಿ. ಹೋಗದಿದ್ದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಂದು, ಒಂಬತ್ತು, ಮೂರು, ಸೊನ್ನೆ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ನಾಚಿಕೆ ಪಡುವಂಥದ್ದು ಏನೂ ಇಲ್ಲ, ಮೋಸ ಮಾಡಿದವನು ಅವನು.

ಶಂಕರಪುರದ ಅಕ್ಕ ಕಳೆದ ವಾರ ಫೋನ್ ಮಾಡಿದ್ದರು. "ಮಾರಾಯ್ರೆ, ಅಡುಗೆ ನೋಡ್ಲಿಕ್ಕೆ ಒಂದು ಪುಟ ತೆರೆದೆ. ಅಲೋ, ಬ್ಲಾಕ್ ಅಂತ ಎರಡು ಕೇಳ್ತಾ ಉಂಟು. ನಾನು ಒತ್ಲಿಲ್ಲ, ಕೈಯಲ್ಲಿ ಮಲ್ಲಿಗೆ ಹಿಡ್ಕೊಂಡೇ ಕೂತಿದ್ದೇನೆ."

"ಬ್ಲಾಕ್ ಒತ್ತಿ ಅಕ್ಕ."

"ಹಾಂ, ಒತ್ತಿದೆ. ಹೋಯ್ತು."

ನಮಸ್ಕಾರ.