ಬೆಳಗಾವಿಯ ಲಾ ಕಾಲೇಜು: ಕಾಲೇಜು ಒಂದೇ, ವಿಶ್ವವಿದ್ಯಾಲಯ ಮೂರು

[ದೃಶ್ಯ: ಕಾರವಾರದ ಕೋರ್ಟು ಆವರಣ, ಬೆಳಗಿನ ಹೊತ್ತು]

ಕಾರವಾರ, ಶಿರಸಿಯ ಹಿರಿಯ ವಕೀಲರನ್ನು ‘ಲಾ ಎಲ್ಲಿ ಓದಿದ್ರಿ?’ ಎಂದು ಕೇಳಿ ನೋಡಿ. ಬೆಳಗಾವಿ ಎನ್ನುವವರು ಸಿಕ್ಕೇ ಸಿಗುತ್ತಾರೆ. ಯಾಕೆ ಬೆಳಗಾವಿ?

[ದೃಶ್ಯ: ಹಳೆಯ ಮುಂಬೈ ಪ್ರಾಂತದ ನಕ್ಷೆ]

1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಹೋಯಿತು. 1956ರವರೆಗೆ ಇಲ್ಲಿನ ಅಪೀಲುಗಳೆಲ್ಲ ಮುಂಬೈ ಹೈಕೋರ್ಟಿಗೆ. ಲಾ ಓದುವವರಿಗೂ ಮುಂಬೈಯೇ ದಾರಿ. 1924ರಿಂದ ಪುಣೆಯ ಐಎಲ್‌ಎಸ್ ಲಾ ಕಾಲೇಜೂ ಇತ್ತು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಎಂಬ ಖಾಸಗಿ ಸಂಸ್ಥೆ ಬೆಳಗಾವಿಯಲ್ಲೇ ಕಾಲೇಜು ತೆರೆದ ಮೇಲೆ ಘಟ್ಟ ಹತ್ತಿದರೆ ಸಾಕಾಯಿತು. ಅದೇ ರಾಜಾ ಲಖಮಗೌಡ ಲಾ ಕಾಲೇಜು. ವಂಟಮುರಿಯ ದೇಸಾಯಿಯಾಗಿದ್ದ ಈ ಲಖಮಗೌಡರದೇ ಹೆಸರು ಹಿಡಕಲ್ ಅಣೆಕಟ್ಟಿಗೂ. ಹಳಿಯಾಳದ ಎಂಜಿನಿಯರಿಂಗ್ ಕಾಲೇಜನ್ನು ನಡೆಸುತ್ತಿರುವುದೂ ಇದೇ ಸೊಸೈಟಿ.

[ದೃಶ್ಯ: ಮೂರು ಪದವಿ ಪತ್ರಗಳ ಚಿತ್ರ]

ಕಾಲೇಜು ಖಾಸಗಿ, ಪದವಿ ಕೊಡುವುದು ಮಾತ್ರ ವಿಶ್ವವಿದ್ಯಾಲಯ. ಮೊದಲು ಮುಂಬೈ, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 2009ರಿಂದ ಈಚೆಗೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ. ಹಳೆಯ ಅಂಕಪಟ್ಟಿಯ ನಕಲು ಬೇಕಾದಾಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡಿ ಸುಸ್ತಾಗುವುದು ಇದೇ ಗೊಂದಲದಿಂದ. ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಮುದ್ರೆಯಿದೆಯೋ ಅರ್ಜಿ ಅಲ್ಲಿಗೇ.

[ದೃಶ್ಯ: ಸುಪ್ರೀಂ ಕೋರ್ಟು]

ಇಲ್ಲಿ ಓದಿದವರಲ್ಲಿ ದೊಡ್ಡ ಹೆಸರು ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ; ಈಗ ಸುಪ್ರೀಂ ಕೋರ್ಟಿನಲ್ಲಿರುವ ಬಿ.ವಿ. ನಾಗರತ್ನ ಅವರ ತಂದೆ. ಆದರೆ ವೆಂಕಟರಾಮಯ್ಯನವರು ಪುಣೆಯ ಐಎಲ್‌ಎಸ್‌ನಲ್ಲೂ ಓದಿದವರು. ಒಂದೇ ಹೆಸರು, ಎರಡೂ ಕಾಲೇಜಿನ ಹೆಮ್ಮೆ! ಪ್ರವೇಶದ ಕರಪತ್ರದಲ್ಲಿ ದೊಡ್ಡವರ ಫೋಟೊ ಕಂಡರೆ ಅವರು ಯಾವ ಕೋರ್ಸು, ಎಷ್ಟು ವರ್ಷ ಓದಿದ್ದು ಎಂದು ಕೇಳಿ. ಜಿಲ್ಲೆಯ ದೊಡ್ಡವರೆಲ್ಲ ಬೆಳಗಾವಿಯಲ್ಲೇ ಓದಿದವರೂ ಅಲ್ಲ: ಮುಖ್ಯಮಂತ್ರಿಯಾಗಿದ್ದ ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಲಾ ಮುಗಿಸಿದ್ದು ದೂರದ ಲಖನೌದಲ್ಲಿ.

[ದೃಶ್ಯ: ಪ್ರವೇಶ ಅರ್ಜಿ]

ಈಗ ಖಾಸಗಿ ವಿಶ್ವವಿದ್ಯಾಲಯಗಳೂ ಲಾ ಸ್ಕೂಲ್ ನಡೆಸುತ್ತವೆ. ಪಠ್ಯ, ಪರೀಕ್ಷೆ, ಪದವಿ ಎಲ್ಲ ಅವರದೇ. ಆದರೂ ಕಾನೂನು ಶಿಕ್ಷಣದ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇಲ್ಲದಿದ್ದರೆ ಆ ಪದವಿಯಿಂದ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗದು. ಮಾನ್ಯತೆ ಯಾವ ಶೈಕ್ಷಣಿಕ ವರ್ಷದವರೆಗೆ ಇದೆ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿ.

ಐದು ವರ್ಷದ ಕೋರ್ಸಿಗೆ ಪಿಯುಸಿಯಲ್ಲಿ, ಮೂರು ವರ್ಷದ್ದಕ್ಕೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಬೇಕು. ಎಡವುವುದು ಇನ್ನೊಂದು ಕಡೆ: ಹತ್ತನೇ ತರಗತಿ, ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದಿದ್ದರೆ ಅಂಕ ಎಷ್ಟೇ ಇರಲಿ, ಅರ್ಹತೆ ಇಲ್ಲ. ಹಾಜರಾತಿ ಪ್ರತಿ ವಿಷಯಕ್ಕೆ ಶೇ. 70. ಕಾರವಾರದಲ್ಲಿ ಕೆಲಸ, ಬೆಳಗಾವಿಯಲ್ಲಿ ಹೆಸರು ಎಂಬ ಲೆಕ್ಕ ಹಾಕಿದವರು ಪರೀಕ್ಷೆಯ ಹೊತ್ತಿಗೆ ಸಿಕ್ಕಿಬೀಳುವುದು ಇಲ್ಲೇ.